ಷಡ್ಡಕನ ಗಾಡಿಯಲ್ಲಿ ಒಂದು ಚೆಂಬು ಮಜ್ಜಿಗೆ

ನನ್ನ ಷಡ್ಡಕ ರಸ್ತೆ ನೋಡಿ ಗಾಡಿ ಓಡಿಸುವ ಮನುಷ್ಯನಲ್ಲ. ಮಜ್ಜಿಗೆ ನೋಡಿ ಓಡಿಸುವವನು! ಅವನ ಪಿಕಪ್ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಕಂಠಮಟ್ಟ ಮಜ್ಜಿಗೆ ತುಂಬಿದ ಕಲಾಯಿ ಹಾಕಿದ ಹಿತ್ತಾಳೆಯ ಚೆಂಬೊಂದು ಸದಾ ಕೂತಿರುತ್ತದೆ. ಗುಂಡಿ ಬಂತೆಂದರೆ ಎಲ್ಲರೂ ಗುಂಡಿ ನೋಡಿದರೆ ಇವನು ಚೆಂಬು ನೋಡುತ್ತಾನೆ. ಅದು ಚೆಲ್ಲಿದರೆ ಅವನ ಮುಖ ಬಾಡುತ್ತದೆ, ಚೆಲ್ಲದಿದ್ದರೆ ನನ್ನ ಮುಖ ಬಾಡುತ್ತದೆ.

ಯಾಕೆ ಅಂತೀರಾ? ಹೊಟ್ಟೆಕಿಚ್ಚು ಸ್ವಾಮಿ, ಶುದ್ಧ ಹೊಟ್ಟೆಕಿಚ್ಚು! ಗಂಡಸರಿಗೆ ಹೊಟ್ಟೆಕಿಚ್ಚು ಅಂದರೇನೆಂದು ಕಲಿಸಲಿಕ್ಕೆಂದೇ ದೇವರು ಷಡ್ಡಕನೆಂಬ ಸಂಬಂಧವನ್ನು ಸೃಷ್ಟಿಸಿದ್ದಾನೆ. ನನ್ನ ಹೆಂಡತಿಯ ಅಕ್ಕನ ಗಂಡನಾದ ಈ ಮಹಾಶಯ ಸಿರುಗುಪ್ಪದವನು. ಅಲ್ಲಿನ ರೈಸ್ ಮಿಲ್ಲುಗಳಿಂದ ಬಳ್ಳಾರಿಯ ಅಂಗಡಿಗಳಿಗೆ ಅಕ್ಕಿ ಸಾಗಿಸುವುದು ಅವನ ಕಸುಬು. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದವನು. ನಾನೋ, ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನದ ಮೇಷ್ಟ್ರು. ಪ್ರತಿ ವರ್ಷ ಹಲಗೆಯ ಮೇಲೆ ಸ್ಪ್ರಿಂಗ್ ಬರೆದು, ಅದಕ್ಕೊಂದು ತೂಕ ತೂಗುಹಾಕಿ ಪಾಠ ಮಾಡಿದವನು. ಹೀಗಿರುವಾಗ ಸ್ಪ್ರಿಂಗಿನ ವಿಷಯದಲ್ಲಿ ನಮ್ಮ ಬಂಧುಬಳಗ ಯಾರ ಮಾತು ಕೇಳಬೇಕು? ಕೇಳುವುದು ಯಾರ ಮಾತು?

ಅವನ ಗಾಡಿ ಅಕ್ಕಿ ತುಂಬಿದಾಗ ನೆಟ್ಟಗೇ ಹೋಗುತ್ತಿತ್ತು. ಖಾಲಿ ವಾಪಸು ಬರುವಾಗ ಮಾತ್ರ ಕುದುರೆಯಂತೆ ಜಿಗಿಯುತ್ತಿತ್ತು. ಎಲ್ಲರೂ ಅದನ್ನು ಹಣೆಬರಹ ಅಂದುಕೊಂಡು ಸುಮ್ಮನಿರುತ್ತಾರೆ. ಇವನು ಕಂಪನಿಯವರು ಹಾಕಿದ್ದ ಸ್ಪ್ರಿಂಗುಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಬಿಚ್ಚಿಸಿ, ಪುಣೆಯಿಂದ ಬೇರೆಯವು ತರಿಸಿ ಹಾಕಿಸಿದ. ಒಂದೊಂದು ಶಾಕಿಗೂ ಕೆಳಗೊಂದು ತಿರುಪು. ತಿರುಗಿಸಿದಾಗಲೆಲ್ಲ 'ಕಟ್' ಎಂದು ಸದ್ದು. ಬಲಕ್ಕೆ ತಿರುಗಿಸಿದರೆ ಟೈಟು, ಎಡಕ್ಕೆ ತಿರುಗಿಸಿದರೆ ಲೂಸು. ಅಂದಿನಿಂದ ಅವನ ಲೆಕ್ಕವೆಲ್ಲ ಕಟ್‌ಗಳಲ್ಲೇ.

ಹುಚ್ಚು ಗಾಡಿಗೇ ನಿಂತಿದ್ದರೆ ಚೆನ್ನಾಗಿತ್ತು. ಹೆಂಡತಿಯ ತಮ್ಮನಿಗೆ ಹೆಣ್ಣು ನೋಡಲು ಹೋದಾಗ, ಹುಡುಗಿ ಇನ್ನೂ ಹೊರಗೆ ಬಂದಿರಲಿಲ್ಲ, ಇವನು ಅವರ ಸೋಫಾವನ್ನು ಎರಡೂ ಕೈಯಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದ. ಆಮೇಲೆ ಹುಡುಗಿಯ ತಂದೆಗೆ ಗಂಭೀರವಾಗಿ ಹೇಳಿದ:

"ಯಜಮಾನ್ರ, ಇದು ಒಮ್ಮೆ ಒತ್ತಿದ್ರ ಮೂರು ಸಲ ಏಳತೈತಿ. ಸ್ಪ್ರಿಂಗ್ ಛಲೋ ಐತ್ರಿ, ಅದನ್ನ ತಡಿಯಾಕ ಏನೂ ಇಲ್ಲ."

ನಾನು ನಾಚಿಕೆಯಿಂದ ನೆಲ ನೋಡಿದೆ. ಆ ಮನುಷ್ಯರೋ ಮರುವಾರವೇ ಸೋಫಾ ಬದಲಾಯಿಸಿ, ಇಂಥ ಸೂಕ್ಷ್ಮ ಬುದ್ಧಿಯ ಜನ ಸಿಗುವುದಿಲ್ಲವೆಂದು ಮಗಳನ್ನು ಕೊಟ್ಟರು. ಮದುವೆ ಮಾಡಿಸಿದ ಕೀರ್ತಿಯೂ ಅವನಿಗೇ ಹೋಯಿತು!

ಇದನ್ನೆಲ್ಲ ನಾನು ನುಂಗಿಕೊಂಡಿದ್ದೆ. ನುಂಗಲಾಗದ್ದು ನಮ್ಮ ಅವ್ವನ ವಿಷಯ.

ಅವ್ವ ಇರುವುದು ಕುರುಗೋಡಿನಲ್ಲಿ, ಅಣ್ಣನ ಮನೆಯಲ್ಲಿ. ಬೆನ್ನುಮೂಳೆಯ ಒಂದು ಗಂಟು ಸವೆದು, ಕುಲುಕಾಟ ಕೂಡದೆಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಅವಳ ಒಬ್ಬಳೇ ತಂಗಿ, ನಮ್ಮ ಚಿಕ್ಕವ್ವ, ಸಿರುಗುಪ್ಪದಾಚೆ ಕೆಂಚನಗುಡ್ಡದಲ್ಲಿ ಮಂಚ ಹಿಡಿದಿದ್ದಳು. ಇವಳು ಹೋಗುವಂತಿಲ್ಲ, ಅವಳು ಬರುವಂತಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಇಬ್ಬರಿಗೂ ಕಿವಿ ಮಂದ. "ಹಾಂ?" ಅಂತ ಇವಳು, "ಹಾಂ?" ಅಂತ ಅವಳು. ಹತ್ತು ನಿಮಿಷ 'ಹಾಂ' ಅಂದು ಇಬ್ಬರೂ ಅಳುತ್ತ ಫೋನ್ ಇಡುತ್ತಿದ್ದರು. ಒಂದು ಸಲ ತಂಗಿಯ ಮುಖ ನೋಡಬೇಕು, ಅಷ್ಟೇ ಅವ್ವನ ಆಸೆ.

ಕಳೆದ ಶ್ರಾವಣದಲ್ಲಿ ನಾನೇ ನನ್ನ ಕಾರಿನಲ್ಲಿ ಆರು ದಿಂಬು ಜೋಡಿಸಿ ಅವಳನ್ನು ಕೂರಿಸಿಕೊಂಡು ಹೊರಟೆ. ಎರಡನೇ ಊರು ದಾಟುವ ಮೊದಲೇ ಅವಳು ನನ್ನ ತೋಳು ಹಿಡಿದುಕೊಂಡಳು. ಕಣ್ಣಲ್ಲಿ ನೀರು. "ಸಾಕು, ಗಾಡಿ ತಿರುಗಸಲೇ. ನಿನ್ನ ಕಾರಿನ್ಯಾಗ ಕುಂತ್ರ ಒರಳಾಗ ಹಾಕಿ ಕುಟ್ಟಿದಂಗ ಆಗತೈತಿ."

ತಿರುಗಿಸಿದೆ. ಸುದ್ದಿ ಕೇಳಿ ಷಡ್ಡಕ ಕುರುಗೋಡಿಗೆ ಬಂದ. ಅವ್ವನ ಮಂಚದ ಹತ್ತಿರ ಕೂತು, "ಯವ್ವಾ, ಮೂರು ತಿಂಗಳು ಟೈಮ್ ಕೊಡ್ರಿ. ನಿಮ್ಮನ್ನ ನಾ ಕರಕೊಂಡು ಹೋಗ್ತೀನಿ," ಅಂದ.

"ಅಕ್ಕಿ ಗಾಡ್ಯಾಗೇನ್ರಿ?" ನಾನು ನಕ್ಕೆ.

"ಮಾಸ್ತರ, ಪೆಟ್ಟು ಬೀಳೋದಂತೂ ತಪ್ಪಂಗಿಲ್ಲ. ಬಿದ್ದ ಮ್ಯಾಲೆ ಗಾಡಿ ಕುಣೀಬಾರದು. ಅಷ್ಟ ಕೆಲಸ."

ಅವ್ವ ಅವನ ಕೈ ಹಿಡಿದು, "ನೀನಾರ ಕರಕೊಂಡು ಹೋಗಪ್ಪಾ," ಅಂದಳು. ಆ 'ನೀನಾರ' ಇದೆಯಲ್ಲ, ಅದು ನನ್ನ ಎದೆಯೊಳಗೆ ಮೊಳೆಯಂತೆ ಕೂತಿತು. ಹೆತ್ತ ಮಗ ನಾನಿರುವಾಗ!

ಆಮೇಲೆ ಪ್ರತಿ ಭಾನುವಾರ ಬಳ್ಳಾರಿಯ ಗಾಂಧಿನಗರದ ನಮ್ಮ ಮನೆ ಮುಂದೆ ಅವನ ಹಾರ್ನು. ಗಾಡಿಯ ಮುಂದಿನ ಸೀಟಿನ ನಡುವೆ, ಮೆತ್ತನೆಯ ಕೌದಿಯ ಮೇಲೆ, ಬೆಲ್ಟು ಬಿಗಿದು ಕೂರಿಸಿದ, ನಲವತ್ತಾರು ಕೆಜಿ ತೂಗಿ ತುಂಬಿದ ಒಂದು ಅಕ್ಕಿಚೀಲ. ಅದರ ಪಕ್ಕದಲ್ಲಿ, ಕಿಟಕಿಯ ಕಡೆಗೆ, ಕೌದಿಯಿಲ್ಲದೆ ನಾನು.

"ನಾ ಯಾಕ್ರಿ? ಇನ್ನೊಂದು ಚೀಲ ಇಡ್ರಿ," ಅಂದರೆ, "ಚೀಲ ಅಲ್ಲಾಡಂಗಿಲ್ರಿ, ನೀವು ಅಲ್ಲಾಡ್ತೀರಿ," ಅಂದ. ನನ್ನನ್ನು ಮಿಲ್ಲಿನ ತೂಕದ ಯಂತ್ರದ ಮೇಲೂ ನಿಲ್ಲಿಸಿದ. "ಎಪ್ಪತ್ತೆಂಟು! ಕೆಲಸ ಮುಗಿಯೂ ಮಟ ಹಿಂಗ ಇರ್ರಿ. ಹೆಚ್ಚೂ ಆಗಬ್ಯಾಡ್ರಿ, ಕಮ್ಮೀನೂ ಆಗಬ್ಯಾಡ್ರಿ." ಅಂದಿನಿಂದ ನನ್ನ ಹೆಂಡತಿ ಮಂಡಕ್ಕಿ ಒಗ್ಗರಣೆಯ ಜೊತೆ ಎರಡನೇ ಮಿರ್ಚಿ ಬಜ್ಜಿ ಹಾಕುವುದನ್ನೇ ನಿಲ್ಲಿಸಿದಳು. "ಭಾವ ಹೇಳ್ಯಾರ," ಅಂದಳು. ನನ್ನ ಮನೆ, ನನ್ನ ಮಿರ್ಚಿ!

ಅದೇ ಕುರುಗೋಡಿನ ರಸ್ತೆ, ಅದೇ ವೇಗ, ಚಕ್ರಕ್ಕೆ ಅಷ್ಟೇ ಗಾಳಿ. ಒಂದು ಸಲಕ್ಕೆ ಒಂದೇ ತಿರುಪು, ಒಂದೇ ಕಟ್. ಎರಡು ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವಂತೆ. (ಇದನ್ನು ನಾನು ಒಂಬತ್ತನೇ ಕ್ಲಾಸಿಗೆ ಹೇಳಿಕೊಡುತ್ತೇನೆ. ಯಾರೂ ಕೇಳುವುದಿಲ್ಲ.) ಗುಂಡಿ ದಾಟಿದ ಕೂಡಲೇ ಅವನು ಮೊದಲು ಚೆಂಬು ನೋಡಿ, ಆಮೇಲೆ ಚೀಲದ ಕಡೆ ತಿರುಗಿ, "ಹೆಂಗಾತ್ರಿ?" ಅನ್ನುತ್ತಿದ್ದ. ಚೀಲಕ್ಕೆ! ನನ್ನನ್ನು ಒಮ್ಮೆಯಾದರೂ ಕೇಳಿದನೇ? ಇಲ್ಲ. ಎಲ್ಲ ಮುಗಿದ ಮೇಲೆ ನೋಟುಬುಕ್ಕಿನಲ್ಲಿ ಏನೋ ಗೀಚುತ್ತಿದ್ದ. ಮಜ್ಜಿಗೆ ಚೆಲ್ಲುವುದು ವಾರದಿಂದ ವಾರಕ್ಕೆ ಕಡಿಮೆಯಾಗುತ್ತ ಬಂತು. ದೇವರೇ, ಒಂದು ಒಳ್ಳೆಯ ಗುಂಡಿ ಕೊಡಪ್ಪಾ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ನಮ್ಮ ಕಡೆಯ ರಸ್ತೆಯಲ್ಲಿ ಅದಕ್ಕೇನು ಬರವೇ? ಬೇಕಾದಷ್ಟು ಬಂದವು, ಒಂದೂ ಉಪಯೋಗಕ್ಕೆ ಬರಲಿಲ್ಲ.

ಕೊನೆಗೆ ಒಂದು ಭಾನುವಾರ ನಾನು ಹೇಳಬಾರದ ಕೆಲಸ ಮಾಡಿದೆ. ಅವನು ಒಳಗೆ ಒಗ್ಗರಣೆ ತಿನ್ನುತ್ತಿದ್ದ. ಅವನ ತಟ್ಟೆಯಲ್ಲಿ ನಾಲ್ಕು ಮಿರ್ಚಿ, ನಾನೇ ಎಣಿಸಿದ್ದೆ. ಹೊರಗೆ ಬಂದು ಗಾಡಿಯ ಕೆಳಗೆ ತೂರಿ, ಹಿಂದಿನ ಬಲಗಡೆಯ ತಿರುಪನ್ನು ಕಟ್, ಕಟ್, ಕಟ್, ಕಟ್ ಎಂದು ನಾಲ್ಕು ಸಲ ಟೈಟ್ ಮಾಡಿದೆ. ಮಿರ್ಚಿಗೊಂದು ಕಟ್!

ಮೊದಲ ಗುಂಡಿಗೇ ಚೆಂಬು ಹಾರಿತು. ಮಜ್ಜಿಗೆಯೆಲ್ಲ ನನ್ನ ಹೊಸ ಪ್ಯಾಂಟಿನ ಮೇಲೆ.

"ಹಿಂದ ಬಲಕ್ಕ ಏನೋ ಆಗೇತ್ರಿ ಮಾಸ್ತರ."

"ರಸ್ತಿ ಕೆಟ್ಟಿರಬೇಕು ಬಿಡ್ರಿ," ಅಂದೆ. ಅವನು ನನ್ನ ಅಂಗಿಯ ತೋಳನ್ನೊಮ್ಮೆ ನೋಡಿ ಗಾಡಿ ಮುಂದೆ ಬಿಟ್ಟ.

ಅದರ ಮುಂದಿನ ಭಾನುವಾರವೇ ಗೊತ್ತುಮಾಡಿದ ದಿನ. ಬೆಳಿಗ್ಗೆ ಕುರುಗೋಡಿನಲ್ಲಿ ಅಣ್ಣನೂ ಅತ್ತಿಗೆಯೂ ಅವ್ವನನ್ನು ಮೆಲ್ಲಗೆ ಹೊರಗೆ ಕರೆತಂದರು. ಹೊಸ ಸೀರೆ ಉಟ್ಟಿದ್ದಳು, ತಂಗಿಗೆಂದು ಕರದಂಟಿನ ಡಬ್ಬಿ ಹಿಡಿದಿದ್ದಳು. ಒಂದೊಂದು ಹೆಜ್ಜೆಗೂ ಸೊಂಟ ಹಿಡಿದುಕೊಳ್ಳುತ್ತಿದ್ದಳು. ಆ ನಾಲ್ಕು ಕಟ್ ಹಾಗೇ ಇದ್ದರೆ? ನಾನು ಷಡ್ಡಕನನ್ನು ಗಾಡಿಯ ಮರೆಗೆ ಎಳೆದೆ.

"ತಪ್ಪು ಮಾಡೀನ್ರಿ. ಅವತ್ತು ಹಿಂದಿನ ತಿರುಪು..."

ಅವನು ನೋಟುಬುಕ್ಕು ತೆಗೆದು ಆ ಭಾನುವಾರದ ಪುಟ ತೋರಿಸಿದ. 'ಹಿಂದ ಬಲಕ್ಕ ನಾಕು ಕಟ್ ಟೈಟ್. ಮಾಸ್ತರ ಕೈ. ವಾಪಸ್ ಲೂಸ್ ಮಾಡಿದೆ.'

"ಗೊತ್ತಿತ್ತೇನ್ರಿ?"

"ಅಂಗಿ ತೋಳಿಗೆ ಗ್ರೀಸ್ ಹತ್ತಿತ್ತಲ್ರಿ."

"ಮತ್ತ ಬೈಲಿಲ್ಲ ಯಾಕ್ರಿ?"

"ಬೈದ್ರ ಮುಂದಿನ ಐತಾರ ನೀವು ಬರ್ತಿದ್ದಿಲ್ಲ. ನೀವು ಬರ್ಲಿಲ್ಲಂದ್ರ ಈ ಕೆಲಸಾನ ಇಲ್ಲ." ಹಾಗೆಂದು ಮೊದಲ ಪುಟಕ್ಕೆ ತಿರುಗಿಸಿದ. ಅವನ ಸೊಟ್ಟ ಅಕ್ಷರದಲ್ಲಿ ಮೂರು ಸಾಲಿದ್ದವು.

'ನಡುವ ಯವ್ವಾರು, ೪೬ ಕೆಜಿ. ಕಿಟಕಿ ಕಡಿ ಮಾಸ್ತರ, ೭೮. ಮಗ ಬಾಜೂಕ ಕುಂತ್ರ ಮಾತ್ರ ಬರ್ತೀನಿ ಅಂದಾರ.'

ಎಷ್ಟೋ ಭಾನುವಾರ ನಾನು ಅವ್ವನ ಪಕ್ಕದಲ್ಲೇ ಕೂತು ಹೋಗಿದ್ದೆ, ನನಗೇ ಗೊತ್ತಿರಲಿಲ್ಲ.

ಕೌದಿಯ ಮೇಲೆ ಅವ್ವ ಕೂತಳು, ಪಕ್ಕದಲ್ಲಿ ನಾನು. ಗುಂಡಿ ಬಂದಾಗಲೆಲ್ಲ ಗಾಡಿ ಒಮ್ಮೆ ತಗ್ಗಿ, ಒಮ್ಮೆ ಎದ್ದು, ಸುಮ್ಮನಾಗುತ್ತಿತ್ತು. "ಹೆಂಗಾತ್ರಿ ಯವ್ವಾ?" ಅಂತ ಅವನು ಕೇಳಿದ. ನಾನು ತಿರುಗಿ ನೋಡಿದರೆ ಅವ್ವ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಕಾಲುವೆಯ ಪಕ್ಕದ ಭತ್ತದ ಗದ್ದೆಗಳು ಶುರುವಾದರೂ ಏಳಲಿಲ್ಲ.

ಕೆಂಚನಗುಡ್ಡದಲ್ಲಿ ಚಿಕ್ಕವ್ವ ಮಂಚದ ಮೇಲೆ ಎದ್ದು ಕೂತು ಅವ್ವನ ಮುಖವನ್ನೆಲ್ಲ ಕೈಯಿಂದ ಸವರಿದಳು. ಎರಡು ವರ್ಷದ 'ಹಾಂ' ಮುಗಿದಿತ್ತು. ಬಹಳ ಹೊತ್ತಿನ ಮೇಲೆ ಕಿವಿಯ ಹತ್ತಿರ ಬಾಯಿಟ್ಟು, "ಅಕ್ಕಾ, ಯಾರು ಕರಕೊಂಡು ಬಂದ್ರು?" ಅಂದಳು.

ಅವ್ವ ನನ್ನ ಮುಂಗೈ ಹಿಡಿದೇ ಇದ್ದಳು. "ನನ್ನ ಮಗ," ಅಂದಳು.

ಮೂರು ತಿಂಗಳಿಂದ ಯಾವ ಮಾತಿಗಾಗಿ ಹೊಟ್ಟೆ ಉರಿಸಿಕೊಂಡಿದ್ದೆನೋ ಅದೇ ಮಾತು! ಬಾಗಿಲಲ್ಲಿ ಷಡ್ಡಕ ಚೆಂಬು ಹಿಡಿದು ನಿಂತಿದ್ದ. 'ಅಲ್ಲ, ಇವರು' ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಗಟ್ಟಿಯಾಗಿ, "ಹೌದ್ರಿ ಚಿಕ್ಕವ್ವ, ಮಾಸ್ತರ ಕರಕೊಂಡು ಬಂದಾರ. ನಾ ಬರೇ ಸ್ಟೇರಿಂಗ್ ಹಿಡದಿದ್ದೆ," ಅಂದ. ಚೆಂಬನ್ನು ನನ್ನ ಕೈಗೆ ಕೊಟ್ಟ. "ಇಬ್ಬರಿಗೂ ಕುಡಸ್ರಿ."

ಕುರುಗೋಡಿನಿಂದ ಅಲ್ಲಿಯ ತನಕ ಒಂದು ಹನಿಯೂ ಚೆಲ್ಲದೆ ಬಂದ ಮಜ್ಜಿಗೆ. ಲೋಟಕ್ಕೆ ಬಗ್ಗಿಸುವಾಗ ನಾನು ಚೆಂಬು ನೋಡಲಿಲ್ಲ, ಅವನ ಮುಖ ನೋಡುತ್ತಿದ್ದೆ. ಅರ್ಧ ಚೆಂಬು ನೆಲದ ಪಾಲಾಯಿತು.

"ಚೆಲ್ಲಲಿ ಬಿಡ್ರಿ ಮಾಸ್ತರ," ಅಂದ. ಇದನ್ನು ಮಾತ್ರ ಅವನು ನೋಟುಬುಕ್ಕಿನಲ್ಲಿ ಬರೆಯಲಿಲ್ಲ.