ಕೆರೆ ಹಾರಿದ ಕುದುರೆ ಮತ್ತು ನನ್ನ ಶಾಲು

ಕೋಳಿ ಕೂಗುವ ಮೊದಲೇ ಏಳುವ, ಕಳಚಿದ ಚಪ್ಪಲಿಯನ್ನೂ ಸಾಲಿನಲ್ಲೇ ಬಿಡುವ ನನಗೆ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶದಲ್ಲಿ ಒಂದು ಜೀವನಚರಿತ್ರೆಯ ಆಧಾರಗಳನ್ನು ಪರಿಶೀಲಿಸುವುದು ಯಾವ ಮಹಾ ಕೆಲಸ? ದುಂಡಸಿಯ ಸರದಾರ ಕೆಂಚಪ್ಪನ ಪುಟ ತೆರೆದೆ. "ಕುದುರೆಯ ಮೇಲೆ ಕೂತು ಊರ ಕೆರೆಯನ್ನು ಒಂದೇ ನೆಗೆತಕ್ಕೆ ದಾಟಿದ" ಎಂದಿತ್ತು. ಆಧಾರ? ಸೊನ್ನೆ! ಅಳಿಸಲು ಸಿದ್ಧನಾದೆ.

"ರೀ, ಅದು ನನ್ನ ತವರೂರಿನ ಮರ್ಯಾದಿ," ಎಂದಳು ಹೆಂಡತಿ ಶಾಂತಾ. "ನೀವು ಅದನ್ನ ಅಳಿಸಿದ್ರ, ತಮ್ಮನ ಮಗಳ ಲಗ್ನಕ್ಕ ನಾ ಯಾವ ಮಾರಿ ಇಟ್ಕೊಂಡು ಹೋಗ್ಲಿ?"

"ಆಧಾರ ಸಿಕ್ಕರ ಇರ್ತೈತಿ. ಇಲ್ಲಂದ್ರ ಹೋಗ್ತೈತಿ," ಎಂದು ತೀರ್ಪು ಕೊಟ್ಟು, ಸ್ಥಳ ಪರಿಶೀಲನೆಗೆಂದು ಸವಣೂರಿನಿಂದ ಬಸ್ಸು ಹತ್ತಿದೆ.

ಸುಮ್ಮನೆ ಹೋಗಬೇಕಿತ್ತು. ಶಾಂತಾಳ ತಮ್ಮ ಬಸಣ್ಣನಿಗೆ ಮೊದಲೇ ಫೋನು ಮಾಡಿದ್ದೆ. ದುಂಡಸಿಯಲ್ಲಿ ಇಳಿದರೆ ಹಲಗಿಯ ಸದ್ದು! ಪೆಂಡಾಲು! ಕೊರಳಿಗೆ ಹಾರ!

"ಇದೇನೋ ಬಸಣ್ಣ? ನಾ ಕೆರಿ ನೋಡಾಕ ಬಂದೇನಿ."

"ಕೆರಿ ಎಲ್ಲಿ ಓಡಿಹೊಕ್ಕೈತ್ರಿ ಮಾವಾರ? ಮೊದಲ ಸನ್ಮಾನ. ಶಾಲು ತಂದುಬಿಟ್ಟೇವಿ, ಅಂಗಡ್ಯಾಂವ ವಾಪಸ್ ತೊಗೊಳ್ಳಂಗಿಲ್ಲ!"

ನಮ್ಮ ಕಡೆ ಶಾಲು ಹೊದಿಸಿಕೊಂಡವನು ಎರಡು ಮಾತು ಆಡಲೇಬೇಕು. ಉಂಡ ಮನೆಯವರನ್ನು ನೋಯಿಸುವ ಮಾತಂತೂ ಆಡುವಂತಿಲ್ಲ. ಎದ್ದು ನಿಂತೆ. "ಕೆಂಚಪ್ಪನ ಕುದುರಿ ಕೆರಿ ಹಾರಿಲ್ಲ ಅನ್ನಾಕ ನಾನ್ಯಾರ್ರಿ!" ಎಂದು ಜಾಣತನದಿಂದ ನುಣುಚಿಕೊಂಡೆ. ಚಪ್ಪಾಳೆಯೋ ಚಪ್ಪಾಳೆ!

ಆಮೇಲೆ ಕೆರೆ ನೋಡಿದೆ. ಆಚೆ ದಂಡೆಯ ಎಮ್ಮೆ ಇರುವೆಯಂತೆ ಕಾಣುತ್ತಿತ್ತು. ಅದನ್ನು ಹಾರಲು ಬೇಕಾದದ್ದು ಕುದುರೆಯಲ್ಲ, ವಿಮಾನ!

ಮನೆಗೆ ಬಂದವನೇ, ಶಾಂತಾ ಅಡುಗೆಮನೆಯಲ್ಲಿದ್ದ ಹೊತ್ತು ನೋಡಿ ಆ ವಾಕ್ಯ ಅಳಿಸಿದೆ. ಮರುದಿನ ಅದು ಮತ್ತೆ ಅಲ್ಲೇ ಕೂತಿತ್ತು, ಅಡಿಟಿಪ್ಪಣಿ ಸಮೇತ! ಊರಿನ ಪತ್ರಿಕೆಯೊಂದರ ವರದಿ: "ಕುದುರೆ ಕೆರೆ ಹಾರಿದ್ದು ನಿಜ: ಹಿರಿಯ ಸಂಶೋಧಕರ ದೃಢೀಕರಣ." ಜೊತೆಗೆ ಸಂಶೋಧಕರ ಫೋಟೋ. ಶಾಲು ಹೊದ್ದು ನಗುತ್ತಿದ್ದವನು ನಾನೇ!

"ಆ ಮನುಷ್ಯ ನಾನೇ. ನಾನು ಹಾಗೆ ಹೇಳಿಲ್ಲ" ಎಂದು ವಿಶ್ವಕೋಶದ ಚರ್ಚೆಯ ಪುಟದಲ್ಲಿ ಬರೆದೆ. ಅಲ್ಲಿನ ಯಾರೋ ಸಂಪಾದಕರು ತಕ್ಷಣ ಉತ್ತರಿಸಿದರು: "ನೀವು ಹೇಳಿದ್ದಕ್ಕೆ ಪತ್ರಿಕೆಯ ಆಧಾರವಿದೆ. ಹೇಳಿಲ್ಲ ಎಂಬುದಕ್ಕೆ ಆಧಾರ ಒದಗಿಸಿ."

ಶಾಂತಾ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. "ಲಗ್ನಕ್ಕ ಆ ಶಾಲು ಹೊತ್ಕೊಂಡ ಬರ್ರಿ. ಮಂದಿಗೆ ಗುರ್ತು ಸಿಗಬೇಕಲ್ಲ?"

ಹೊದ್ದುಕೊಂಡೇ ಹೋಗುತ್ತೇನೆ. ನನ್ನ ಮಾತು ನಂಬುವವರು ಅಲ್ಲಿ ಊರು ತುಂಬ ಇದ್ದಾರೆ. ನಂಬದವನು ನಾನೊಬ್ಬನೇ!