ಹೆಬ್ಬೆಟ್ಟಿನಷ್ಟು ಗಿಡ, ಮನೆ ತುಂಬ ವೈದ್ಯರು

ಬಾ ನನ್ನ ಕಣ್ಣು, ಆ ಮಣೆ ಎಳ್ಕೊಂಡು ಕೂತ್ಕೊ. ಮಗ್ಗದ ಮನೆ ಅಂದಮೇಲೆ ದಿನಾ ಒಂದು ರಂಪ ಇದ್ದೇ ಇರುತ್ತೆ. ಈ ಗಿಡದ್ದು ಕೇಳು.

ಮಾತು ಕೊಟ್ಟಿದ್ದು

ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಹುಡುಗಿ ಮೈಸೂರು ಕಡೆಯವಳು. ಸೂಲೂರಿನ ಮಿಲ್ಲಲ್ಲಿ ಕೆಲಸ. ಹೆರಿಗೆಗೆ ತವರಿಗೆ ಹೊರಟಾಗ ಪುಟ್ಟ ಕುಂಡ ತಂದಳು. ಅದರಲ್ಲಿ ಹೆಬ್ಬೆಟ್ಟಿನಷ್ಟು ಗಿಡ, ಎಲೆಯೆಲ್ಲ ಉಬ್ಬುಬ್ಬು.

"ಅಜ್ಜಿ, ಕಿಟಕಿ ಹತ್ರ ಇಡಿ. ನೀರು ಅಪರೂಪಕ್ಕೆ ಸಾಕು. ಇರೋದು ಇದೊಂದೇ."

ನಮ್ಮ ಯಜಮಾನರು ಕಾಲು ಇಳಿಬಿಟ್ಟು ನೇಯೋ ಮಗ್ಗದ ಗುಂಡಿಯಿಂದಲೇ ನಕ್ಕರು. "ಇವಳು ಬೀದಿ ಬೆಕ್ಕಿಗೂ ಮೂರು ಹೊತ್ತು ಬಡಿಸೋಳು. ನೀರು ಹಾಕದೆ ಇರ್ತಾಳಾ?"

"ಜೀವಂತವಾಗಿ ಕೊಡ್ತೀನಿ, ನೋಡ್ತಿರಿ" ಅಂದೆ. ನಾನು ನೀರು ಹಾಕಲೇ ಇಲ್ಲ. ಹಾಕೋಕೆ ಬೇರೆಯವರಿದ್ದರಲ್ಲ!

ಗಂಜಿ

ಮಗ್ಗದ ಕೋಣೆಗೆ ಗಾಳಿ ಬಿಡಲ್ಲ, ನೂಲು ಒಣಗಿ ಹರಿಯುತ್ತೆ. ನೆಲಕ್ಕೆ ನೀರು ಚಿಮುಕಿಸಿ ತಂಪಿಡ್ತೀವಿ. ನಾನು ಉಡುಮಲೈಪೇಟೆಯ ತಂಗಿ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರೋಷ್ಟರಲ್ಲಿ ನಮ್ಮವರು ಕುಂಡ ಅಲ್ಲಿಗೆ ತಂದು, ನೂಲಿಗೆ ಸವರೋ ಗಂಜಿಯನ್ನ ಎಲೆಗೂ ಸವರಿದ್ದರು. ಆ ತೇವಕ್ಕೆ ಬುಡ ಕೊಳೆತಿತ್ತು.

"ಏನುಂಗ, ಏನ್ರೀ ಇದು, ಸೀರೇನಾ?"

"ಬಾಡಿತ್ತು ಕಣೇ. ಈಗ ನೋಡು, ಎಷ್ಟು ಗರಿಗರಿ!"

ಕಿವಿನೋವು

ಬಿಡೋದುಂಟಾ? ಕೊಳೆತದ್ದು ಕತ್ತರಿಸಿ, ಉಳಿದ ತುದಿಯನ್ನ ಒಣಗಿಸಿ, ಮರಳಲ್ಲಿ ಊರಿ ಕಿಟಕಿಗಿಟ್ಟೆ. ಪಕ್ಕದ್ಮನೆಯವಳು ಗಂಡನಿಗೆ ಕಿವಿನೋವು ಅಂತ ಬಂದು ಎಲೆಯೆಲ್ಲ ಕಿತ್ತಳು.

"ಇಷ್ಟು ರಸ ಇದೆ, ಮದ್ದೇ ಇರಬೇಕು ಅಕ್ಕಾ" ಅಂತ ಎರಡು ಎಲೆ ಗಂಡನ ಕಿವಿಗೆ ಹಿಂಡಿದಳು.

"ವಾಸಿಯಾಯ್ತಾ?" ಅಂತ ಮಾರನೇ ದಿನ ಕೇಳಿದೆ.

"ನಾನು ಕರೆದರೆ ಕೇಳಿಸಲ್ಲ ಅಂತಾರೆ."

"ಅದು ಮದುವೆಯಾದ ದಿನದಿಂದ ಇರೋ ಕಾಯಿಲೆ!"

ಕೂಸುಗಳು

"ಸೋತೆ ಅನ್ನು, ಎಸೆದ್ಬಿಡು" ಅಂದರು ನಮ್ಮವರು. ಉಳಿದ ಎಲೆಗಳನ್ನ ಒಣ ಮರಳ ಮೇಲೆ ಹರಡಿ ಅಡುಗೆಮನೆ ಕಿಟಕಿಗಿಟ್ಟೆ. ಹುಡುಗಿ ಫೋನಲ್ಲಿ "ಗಿಡ ಹೇಗಿದೆ?" ಅಂದಾಗ, "ಮಲಗಿದೆ ಕಣ್ಣು" ಅಂದೆ. ಆಗ ಫೋನಲ್ಲಿ ಮುಖ ಕಾಣ್ತಿರಲಿಲ್ಲ, ನಾನು ಬಚಾವಾದೆ.

ಅವಳು ಮಗು ಎತ್ಕೊಂಡು ಬರೋ ಹೊತ್ತಿಗೆ ಒಂದೊಂದು ಎಲೆಯ ಬುಡದಲ್ಲೂ ಮೆಣಸಿನಕಾಳಷ್ಟು ಮರಿಗಿಡ!

"ಅಜ್ಜಿ, ನನ್ನ ಕೈಲಿ ಒಂದು ಎಲೆಯೂ ಹೀಗೆ ಚಿಗುರಿರಲಿಲ್ಲ. ಹೇಗೆ ಮಾಡಿದಿರಿ?"

"ನಮ್ಮವರನ್ನೂ ಪಕ್ಕದ್ಮನೆಯವಳನ್ನೂ ಒಂದು ವಾರ ನಿನ್ನ ಮನೇಲಿ ಇಟ್ಕೊ, ಸಾಕು."

ಆಮೇಲೆ ಆ ಹುಡುಗಿ ಕುನ್ನತ್ತೂರಲ್ಲಿ ಮನೆ ಮಾಡಿದಳು. ಅವಳ ಕಿಟಕಿ ತುಂಬ ಇದೇ ಗಿಡ. ಪಕ್ಕದ್ಮನೆಗೂ ಒಂದು ಕೊಟ್ಟೆ. ಅವಳ ಗಂಡ ಅದನ್ನ ಕಂಡರೆ ಕಿವಿ ಮುಚ್ಕೊತಾನೆ. ನಮ್ಮವರು ಮಗ್ಗ ಬಿಟ್ಟು ಈಗ ಕಿಟಕಿ ಕಾಯ್ತಾರೆ. "ನೀರು ಮುಟ್ಟಬೇಡಿ!" ಅಂತ ಅವರು ಕೂಗೋ ಕೂಗಿಗೆ, ಬಂದ ನೆಂಟರು ಬಾಯಾರಿದರೂ ಕುಡಿಯೋಕೆ ನೀರು ಕೇಳಲ್ಲ.