ಮೊಮ್ಮಗನ ಎರಡು ಕಪಾಟು, ಒಂದು ಡಬ್ಬಿ

ನನ್ನ ಮೊಮ್ಮಗನ ಲಗ್ನದ ಮಾತು ಎರಡು ಸಲ ಮುರಿದದ್ದು ಅವನ ಗುಣದಿಂದಲ್ಲ, ಜಾತಕದಿಂದಲೂ ಅಲ್ಲ. ಎರಡು ಕಪಾಟುಗಳಿಂದ! ನಂಬುವುದಿಲ್ಲವೇ? ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ಆದರೆ ಜೋರಾಗಿ ಕೇಳಬೇಕು. ಇಲ್ಲಿ ಮನೆಮನೆಗೂ ಪವರ್‌ಲೂಮ್ ಮಗ್ಗ. ಮೆಲ್ಲಗೆ ಮಾತಾಡುವವರಿಗೆ ಜ್ವರ ಬಂದಿದೆ ಎಂದೇ ನಾವು ತಿಳಿಯುತ್ತೇವೆ.

ಹುಡುಗ ಅಪ್ಪನ ಜೊತೆ ಮಗ್ಗ ನೋಡಿಕೊಳ್ಳುತ್ತಾನೆ, ಲಗ್ನದ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಕರೆಂಟಿನ ಗಿಟಾರ್ ಬಾರಿಸುತ್ತಾನೆ. ಇಷ್ಟೇ ಆಗಿದ್ದರೆ ಯಾರು ಏನೆನ್ನುತ್ತಿದ್ದರು? ಒಂದು ದಿನ ಜಮಖಂಡಿಯಿಂದ ಟೆಂಪೋದಲ್ಲಿ ಎರಡು ಕರೀ ಕಪಾಟು ಹೇರಿಕೊಂಡು ಬಂದ. ಒಂದೊಂದೂ ನನ್ನೆತ್ತರ! ಬಾಗಿಲಲ್ಲಿ ಹಿಡಿಯಲಿಲ್ಲ. ಚೌಕಟ್ಟನ್ನೇ ಕಿತ್ತ! ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅದೇ ಬಾಗಿಲಲ್ಲಿ, "ತಲಿ ಬಗ್ಗಿಸ್ಕೊಂಡು ಬಾ" ಅಂದಿದ್ದರು.

"ನಿನಗಿರೂದ ನಾಕ ಅಂಗಿ. ಇಷ್ಟ ದೊಡ್ಡ ಕಪಾಟ ಯಾಕಲೇ?" ಎಂದೆ.

"ಕಪಾಟ ಅಲ್ಲ ಬೇ ಆಯೀ, ಸ್ಪೀಕರ್! ಗಿಟಾರಿನ ದನಿ ಇದರಾಗಿಂದ ಬರತೈತಿ."

"ಮತ್ತ ಕೈಯಾಗಿಂದು ಏನ ಮಾಡತೈತಿ? ಮಲಗತೈತೇನು?"

ಇಲ್ಲಿ ನನ್ನ ಸಂಕಟ ಹೇಳಿಬಿಡುತ್ತೇನೆ. ಗಿಟಾರ್ ಮನೆಯಲ್ಲೇ ಇದ್ದರೂ ಅವನ ಒಂದು ಹಾಡನ್ನೂ ನಾನು ನೆಟ್ಟಗೆ ಕೇಳಿರಲಿಲ್ಲ! ಕರೆಂಟು ಇದ್ದರೆ ಮಗ್ಗ ಓಡುತ್ತವೆ, ಆ ಖಟಾಖಟ್ ಸದ್ದಿನಲ್ಲಿ ಯಾವ ರಾಗ ಉಳಿದೀತು? ಕರೆಂಟು ಹೋದರೆ ಮಗ್ಗ ನಿಲ್ಲುತ್ತವೆ, ಕಪಾಟೂ ಬಾಯಿ ಮುಚ್ಚುತ್ತದೆ. ಇನ್ನು ಕರೆಂಟು ಇರುವಾಗ ಮಗ್ಗ ನಿಲ್ಲಿಸಿ ಎನ್ನುವ ಮಾತು ನಮ್ಮಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ. ನನ್ನ ಮಗನ ಲಗ್ನದಲ್ಲಿ ಅಕ್ಷತೆ ಬೀಳುವಾಗಲೂ ಹಿಂದಿನ ಖೋಲಿಯಲ್ಲಿ ಮಗ್ಗ ಸೀರೆ ನೇಯುತ್ತಲೇ ಇತ್ತು! ಅಲ್ಲೇ ಕೂತು ನೂಲಿನ ಕಂಡಿಕೆ ಸುತ್ತಿ ಸುತ್ತಿ ನನ್ನ ಕಿವಿ ಅರ್ಧ ಹೋಗಿದೆ. ಉಳಿದರ್ಧ ಹೋಗುವುದರೊಳಗೆ ಒಮ್ಮೆ ಅವನ ಗಿಟಾರ್ ಕೇಳಬೇಕು, ಇದೊಂದೇ ಆಸೆ. ಅವನು ಬಾರಿಸುವಾಗ ಎದುರಿಗೆ ಕೂತು ಸುಮ್ಮನೆ ತಲೆದೂಗುತ್ತಿದ್ದೆ. ಒಮ್ಮೊಮ್ಮೆ ಅವನು ನಿಲ್ಲಿಸಿ, ಗಿಟಾರ್ ಗೋಡೆಗೆ ತೂಗುಹಾಕಿ, ಚಹಾ ಕುಡಿಯುತ್ತಿದ್ದರೂ ನಾನು ತೂಗುತ್ತಲೇ ಇರುತ್ತಿದ್ದೆ!

ಮುಧೋಳದಿಂದ ಹೆಣ್ಣಿನ ಕಡೆಯವರು ಬಂದರು. ಅವಲಕ್ಕಿ ಕೊಟ್ಟೆವು. ಇವನು ಸುಮ್ಮನಿರಬೇಕೋ ಬೇಡವೋ? "ಒಂದ ಹಾಡ ಕೇಳ್ರಿ," ಎಂದು ಮಗ್ಗದ ಸದ್ದು ಮೀರಿಸಲು ಕಪಾಟಿನ ಕಿವಿ ಪೂರ್ತಿ ತಿರುವಿದ. ಮೊದಲ ಏಟಿಗೇ ಗೋಡೆಯ ಗಿಲಾವು ಉದುರಿ ಅವಲಕ್ಕಿಯ ಮೇಲೆ ಬಿತ್ತು! ಹೆಣ್ಣಿನ ತಂದೆ ಮೀಸೆಯ ಸುಣ್ಣ ಒರೆಸಿಕೊಂಡು, "ತಮ್ಮಾ, ಗಿಟಾರ ಛಲೋ ಐತಿ. ಮನಿ ಗಟ್ಟಿ ಇಲ್ಲ ನೋಡು," ಎಂದು ಎದ್ದರು.

ಬೀಳಗಿಯವರು ಬಂದಾಗ ನಾನೇ ಮುಂದೆ ನಿಂತು ಗಿಟಾರ್ ಅಡಗಿಸಿಟ್ಟೆ. ಕಪಾಟು ಅಡಗಿಸುವುದೆಲ್ಲಿ? ಹೆಣ್ಣಿನ ತಾಯಿ ಅವನ ಖೋಲಿಯಲ್ಲಿ ಇಣುಕಿ ನೋಡಿದಳು. ಕಪಾಟುಗಳ ನಡುವೆ ಅವನ ಚಾಪೆ.

"ನಮ್ಮ ಹುಡುಗಿ ಎಲ್ಲಿ ಮಲಗಬೇಕ್ರಿ? ಆಗಲೇ ಇಬ್ಬರು ಸವತ್ಯಾರು ನಿಂತಾರಲ್ಲ!"

ಆ ಸವತಿಯರನ್ನು ಹೊತ್ತು ತಿರುಗುವುದೇನು ಸುಲಭವೇ? ಒಂದು ಲಗ್ನಕ್ಕೆ ಬಾರಿಸಲು ಹೊರಟಾಗ ಲೋಕಾಪುರದ ದಾರಿಯಲ್ಲಿ ಟೆಂಪೋ ಕೆಟ್ಟಿತಂತೆ. ಬಸ್ಸಿಗೆ ಕೈ ಮಾಡಿದ. ಕಂಡಕ್ಟರ್ ಇಳಿದು ಕಪಾಟು ಸುತ್ತಿ ಬಂದು, "ಇವಕ್ಕ ಪೂರ್ತಿ ಟಿಕೇಟೋ, ಅರ್ಧಾನೋ?" ಎಂದನಂತೆ. ಒಳಗಿಂದ ಯಾರೋ ಮುದುಕ, "ಇನ್ನೂ ಮೀಸಿ ಬಂದಿಲ್ಲ, ಅರ್ಧಾ ಹರೀರಿ!" ಎಂದು ಕೂಗಿದನಂತೆ.

ಕೊನೆಗೆ ಸಾವಳಗಿಯಲ್ಲಿ ಟ್ರ್ಯಾಕ್ಟರಿನಿಂದ ಕಪಾಟು ಇಳಿಸುವಾಗ ಇವನ ಸೊಂಟ ಹಿಡಿಯಿತು. ಎಂಟು ದಿನ ಬೋರಲು ಮಲಗಿದ. ನಾನು ಬಿಸಿ ಎಣ್ಣೆ ತಿಕ್ಕಿದೆ.

"ಆಯೀ, ನಾ ಗಿಟಾರ ಬಾರಸಾಕತ್ತೇನೋ, ಹಮಾಲಿ ಮಾಡಾಕತ್ತೇನೋ?"

"ಹಮಾಲರ ಸೊಂಟ ನಿನಗಿಂತ ಛಲೋ ಇರತೈತಿ," ಎಂದೆ.

ಎದ್ದವನೇ ಕಪಾಟುಗಳನ್ನು ಜಮಖಂಡಿಯ ಪೆಂಡಾಲಿನವರಿಗೆ ಕೊಟ್ಟ. ಬರುವಾಗ ಅಂಗೈಯಗಲದ ಒಂದು ಡಬ್ಬಿ ತಂದ. ನನ್ನ ಎಲೆಯಡಿಕೆ ಡಬ್ಬಿ ಅದಕ್ಕಿಂತ ದೊಡ್ಡದು!

"ಇದೇನು, ಕಪಾಟಿನ ಮರೀನಾ?"

"ಮಾಡೆಲಿಂಗ್ ಅಂತಾರ ಬೇ. ಅಂಥಾ ಎಷ್ಟೋ ಕಪಾಟಿನ ದನಿ ಅಳತಿ ತಗದು ಇದರಾಗ ಇಟ್ಟಾರ. ಗುಂಡಿ ಒತ್ತಿದ್ರ ಬೇಕಾದ ಕಪಾಟ ಮಾತಾಡತೈತಿ."

ಓಣಿಯವರು ನಕ್ಕರು. ನಾನು ನಗಲಿಲ್ಲ. ನೇಕಾರರ ಮನೆಯವಳಿಗೆ ಇದು ತಿಳಿಯದೇ? ಮಗ್ಗದ ಮೇಲೆ ತೂತಿನ ರಟ್ಟುಗಳ ಮಾಲೆ ತೂಗುತ್ತದೆ. ಆ ರಟ್ಟಿನಲ್ಲಿ ನವಿಲು ಕಾಣುತ್ತದೆಯೇ? ಇಲ್ಲ. ಬರೇ ತೂತು! ಆದರೆ ಆ ತೂತುಗಳ ಲೆಕ್ಕಕ್ಕೆ ಎಳೆ ಎದ್ದು ಮಗ್ಗ ಓಡಿದರೆ ಸೀರೆಯ ಸೆರಗಿನ ತುಂಬ ನವಿಲೇ ನವಿಲು. ಹಾಗೆಯೇ ಈ ಡಬ್ಬಿ. ಕಪಾಟು ಹೋಗಿದೆ, ಅದರ ರಟ್ಟು ಉಳಿದಿದೆ!

ಈಗ ಅನಗವಾಡಿಯಿಂದ ಹೆಣ್ಣಿನ ಕಡೆಯವರು ಬರುತ್ತಾರಂತೆ. ಬರಲಿ! ಗಿಲಾವು ಹೊಸದು, ಖೋಲಿ ಖಾಲಿ.

ಡಬ್ಬಿಯ ಗುಟ್ಟೇನೋ ತಿಳಿಯಿತು, ಆದರೆ ನನ್ನ ಆಸೆಯ ಗತಿಯೇನು? ನನ್ನೆತ್ತರದ ಕಪಾಟಿನಿಂದ ಕೇಳದ ಹಾಡು ಈ ಅಂಗೈ ಡಬ್ಬಿಯಿಂದ ಕೇಳೀತೇ? ನನ್ನ ಪಾಲಿಗೆ ಅದು ಮುಗಿದೇಹೋಯಿತು ಅಂದುಕೊಂಡೆ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಅವನು ಓಡಿಬಂದು ಡಬ್ಬಿಯ ಹೊಟ್ಟೆಗೆ ನಾಲ್ಕು ಸೆಲ್ ತುಂಬಿದ. ಗೋಡೆಗಡಿಯಾರಕ್ಕೆ ಹಾಕುತ್ತೇವಲ್ಲ, ಅಂಥವೇ. ಗಿಟಾರಿನ ವಾಯರು ಡಬ್ಬಿಗೆ ಚುಚ್ಚಿ, ಡಬ್ಬಿಯ ಇನ್ನೊಂದು ವಾಯರಿನ ತುದಿಯ ಎರಡು ಮೆತ್ತನೆಯ ಬಟ್ಟಲು ನನ್ನ ಕಿವಿಗಳ ಮೇಲೆ ಕವುಚಿದ.

"ಕರೆಂಟ ಎಲ್ಲೈತಿ ಹುಚ್ಚಾ?"

"ಇದಕ್ಕ ಬೇಕಾಗಿಲ್ಲ ಬೇ. ಸುಮ್ನ ಕೇಳು."

ಒಂದು ತಂತಿ ಮೀಟಿದ. ಅಯ್ಯೋ ದೇವರೇ! ತಲೆಯೊಳಗೇ ಯಾರೋ ದೀಪ ಹಚ್ಚಿದ ಹಾಗೆ! ಒಂದೊಂದು ಸ್ವರವೂ ಬೇರೆ ಬೇರೆ, ತೊಳೆದಿಟ್ಟ ಹಾಗೆ! ಆಮೇಲೆ ರಾಗ ಗುರುತು ಸಿಕ್ಕಿತು. ನನ್ನದೇ ಜೋಗುಳ! ಕಾಲಿನ ಹೆಬ್ಬೆರಳಿಗೆ ಇವನ ತೊಟ್ಟಿಲ ಹಗ್ಗ ಕಟ್ಟಿಕೊಂಡು, ಕೈಯಲ್ಲಿ ಕಂಡಿಕೆ ಸುತ್ತುತ್ತ, ಮಗ್ಗಕ್ಕೆ ಸೋಲಬಾರದೆಂದು ಕಿರುಚಿ ಕಿರುಚಿ ಅದನ್ನು ಹಾಡುತ್ತಿದ್ದೆ. ಕೂಸಿನ ಕಿವಿಗೆ ಒಂದಕ್ಷರವೂ ಹೋಗಿರಲಿಕ್ಕಿಲ್ಲ ಎಂದೇ ತಿಳಿದಿದ್ದೆ.

"ಇದು ನಿನಗ ಕೇಳತಿತ್ತೇನಲೇ?" ಎಂದೆ. ಮೆಲ್ಲಗೇ ಅಂದೆ ಅಂದುಕೊಂಡೆ; ಎದುರುಮನೆಯಾಕೆ ಏನಾಯಿತೋ ಎಂದು ಓಡಿಬಂದಳು!

ಅವನು ಒಂದು ಬಟ್ಟಲು ಸರಿಸಿ ನಕ್ಕ. "ಮಗ್ಗಕ್ಕಿಂತ ನಿಂದ ಜೋರ ಇತ್ತಲ್ಲ ಬೇ!" ಆಮೇಲೆ ತಂತಿ ನೋಡುತ್ತ, "ಅದಕ್ಕ ಆ ಕಪಾಟ ತಂದಿದ್ನಿ. ನಂದೂ ನಿನಗ ಕೇಳಲಿ ಅಂತ. ನೀ ಬರೇ ಸುಳ್ಳ ಸುಳ್ಳ ತಲಿ ತೂಗತಿದ್ದಿ," ಎಂದ.

ಬಟ್ಟಲನ್ನು ಮತ್ತೆ ನನ್ನ ಕಿವಿಗೆ ಸರಿಸುವಷ್ಟರಲ್ಲಿ ಬಲ್ಬು ಹತ್ತಿತು. ಕರೆಂಟು ಬಂತು. ಎದುರುಮನೆಯ ಮಗ್ಗ ಶುರುವಾದವು, ಪಕ್ಕದವೂ ಶುರುವಾದವು. ನನ್ನ ಮಗ ನಮ್ಮ ಮಗ್ಗದ ಸ್ವಿಚ್ಚಿಗೆ ಕೈ ಹಾಕಿದವನು ತಿರುಗಿ ನಮ್ಮಿಬ್ಬರನ್ನು ನೋಡಿದ. ಕೈ ಹಿಂದೆ ತೆಗೆದುಕೊಂಡ. ಕಟ್ಟೆಯ ಮೇಲೆ ಕೂತ.

"ಬಾರಸೋ," ಎಂದ. "ನಮ್ಮವ್ವ ಕೇಳಲಿ."